ಹೆಡ್‌ಸೆಟ್ಟಿನ ಮೊದಲ ಗಿರಾಕಿ

ಮುರಳಿಮೋಹನರಿಗೆ ಜಗತ್ತಿನ ಮೇಲಿದ್ದ ತಕರಾರು ಒಂದೇ. ಅದು ಅವರಿಗಿಂತ ಸ್ವಲ್ಪ ಹಿಂದೆ ನಡೆಯುತ್ತಿತ್ತು. ಶಿಡ್ಲಘಟ್ಟದ ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕರಾದರೂ ತಂತ್ರಜ್ಞಾನದಲ್ಲಿ ಅವರು ಪ್ರಥಮ ದರ್ಜೆ (ಮೌಲ್ಯಮಾಪನ ಅವರದೇ). ಹೀಗಿರುವಾಗ, ವಿ.ಆರ್. ಹೆಡ್‌ಸೆಟ್ ಜನಕ್ಕೆ ಹಿಡಿಸುವುದಿಲ್ಲ, ಆಟವಾಡಲು ಅಷ್ಟು ದೊಡ್ಡ ಡಬ್ಬಿಯನ್ನು ಮುಖಕ್ಕೆ ಕಟ್ಟಿಕೊಳ್ಳುವವರು ಯಾರು ಎಂದು ಸಹೋದ್ಯೋಗಿ ರಮೇಶ್‌ಬಾಬು ಅಂದರೆ ಸುಮ್ಮನಿರುತ್ತಾರೆಯೇ? "ಹಿಡಿಸತ್ತೆ. ನಾನು ಹಿಡಿಸ್ತೀನಿ!" ಎಂದು ಮೇಜು ಕುಟ್ಟಿ, ವಾರದೊಳಗೆ ಒಂದನ್ನು ತರಿಸಿಯೇಬಿಟ್ಟರು.

ಮನೆಯ ಹಜಾರದಲ್ಲಿ 'ಶ್ರೀ ಮಾಯಾಲೋಕ ಕ್ರೀಡಾ ಕೇಂದ್ರ' ತೆರೆಯುವುದು ಅವರ ಮಹಾಯೋಜನೆ. ತೊಡಕಿದ್ದದ್ದು ಹಜಾರದಲ್ಲೇ. ಡಬ್ಬಿ ಕಟ್ಟಿಕೊಂಡವನು ಕೈಕಾಲು ಬೀಸಲು ಸುತ್ತ ಜಾಗ ಖಾಲಿ ಇರಬೇಕು. ಆದರೆ ಹೆಂಡತಿ ಶೋಭಾರಾಣಿ ಹಿತ್ತಲಲ್ಲಿ ರೇಷ್ಮೆ ಹುಳು ಸಾಕುತ್ತಿದ್ದಳು. ಅವು ಕೊನೆಯ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಸೊಪ್ಪು ಮೇಯುತ್ತಿದ್ದವು. ಅವು ಹಣ್ಣಾದ ದಿನ, ಅಂದರೆ ಮೇಯುವುದು ಬಿಟ್ಟು ಗೂಡು ಕಟ್ಟಲು ತಲೆಯೆತ್ತಿದ ದಿನ, ಒಂದೊಂದನ್ನೇ ಆರಿಸಿ ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡಬೇಕು. ಆ ಚಂದ್ರಿಕೆಗಳು ನಿಲ್ಲುವುದು ಹಜಾರದಲ್ಲಿ. (ಪ್ರತಿ ಬೆಳೆಯಲ್ಲೂ ಸರಿಯಾಗಿ ಅದೇ ದಿನ ಮುರಳಿಮೋಹನರ ಕಚೇರಿಯಲ್ಲಿ ತುರ್ತು ಫೈಲೊಂದು ಏಳುತ್ತಿತ್ತು.)

"ಹಜಾರ ನಿಮಗೆ ಕೊಟ್ಟು ಚಂದ್ರಿಕೇನ ನಿಮ್ಮ ತಲೆ ಮೇಲೆ ನಿಲ್ಲಿಸ್ಲಾ?"

"ನೀನು ಭವಿಷ್ಯಕ್ಕೆ ಅಡ್ಡ ನಿಂತಿದ್ದೀಯ ಕಣೇ!"

"ಬಾಗಿಲಿಗೆ ನಿಂತಿದ್ದೀನಿ. ಕಾಲು ತೊಳ್ಕೊಂಡು ಒಳಗೆ ಬನ್ರಿ."

ಕೊನೆಗೆ ಆಕೆಯೇ ಷರತ್ತು ಹಾಕಿದಳು. "ಹುಳ ಹಣ್ಣಾಗೋದ್ರೊಳಗೆ ಒಬ್ರೇ ಒಬ್ರು ತಾವಾಗೇ 'ಇನ್ನೊಂದ್ಸಲ ಕೊಡಿ' ಅಂತ ಕೇಳ್ಲಿ, ಹಜಾರ ನಿಮ್ಮದು. ಇಲ್ಲಾಂದ್ರೆ ಡಬ್ಬ ಅಟ್ಟದ ಮೇಲೆ, ನೀವು ಹುಳದ ಮುಂದೆ."

ಮೊದಲು ಸಿಕ್ಕಿದವರು ಪಕ್ಕದ ಮನೆಯ ಸಾದಿಕ್ ಪಾಷಾ. ರೇಷ್ಮೆ ನೂಲು ತೆಗೆಸುವ ಘಟಕದ ಯಜಮಾನರು, ಧೈರ್ಯವಂತರೆಂದು ಹೆಸರಾದವರು. ಹುಳುವಿಗೆ ಸೋಂಕು ತಗುಲೀತೆಂದು ಶೋಭಾರಾಣಿ ಅವರಿಗೂ ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ತೊಳೆಸಿಯೇ ಒಳಗೆ ಬಿಟ್ಟಳು. ಡಬ್ಬಿ ಕಟ್ಟಿದ ಮರುಗಳಿಗೆ ಪಾಷಾ ಮುರಳಿಮೋಹನರನ್ನು ಅಪ್ಪಿಹಿಡಿದರು.

"ಸಾರ್, ಕಟ್ಟಡದ ತುದೀಲಿ ನಿಲ್ಸಿದ್ದೀರಲ್ಲ! ಇಳಿಸಿ ಸಾರ್!"

"ಪಾಷಾ, ನೀವು ನಮ್ಮ ಹಜಾರದಲ್ಲೇ ಇದ್ದೀರಿ!"

"ಹಜಾರ ಕೆಳಗಿದೆ ಸಾರ್, ನಾನು ಮೇಲಿದ್ದೀನಿ! ಯಾ ಅಲ್ಲಾ!"

ಅಂದಿನಿಂದ ಪಾಷಾ ತಮ್ಮ ಮನೆಗೆ ಹಿಂದಿನ ಓಣಿಯಿಂದ ಹೋಗತೊಡಗಿದರು. ಕಚೇರಿಯಿಂದ ಬಂದ ರಮೇಶ್‌ಬಾಬು ಡಬ್ಬಿಗಿಂತ ಉಪ್ಪಿಟ್ಟನ್ನೇ ಹೆಚ್ಚು ಹೊಗಳಿದರು. ಇನ್ನೊಂದು ಸಲ ಕೇಳಿದ್ದೂ ಅದನ್ನೇ. ಆದರೂ ಮುರಳಿಮೋಹನರು ಜಗ್ಗಲಿಲ್ಲ. ಉಳಿದಿದ್ದ ಏಕಮೇವ ಗ್ರಾಹಕರಾದ ತಮ್ಮ ತಾಯಿ ಚಿಕ್ಕವೆಂಕಟಮ್ಮನವರ ಮುಂದೆ ಡಬ್ಬಿ ಹಿಡಿದು ನಿಂತರು.

"ಏಮ್ರಾ ಇದಿ? ಜಟಕಾ ಕುದುರೆ ಕಣ್ಣುಪಟ್ಟಿ ಇದ್ದಂಗದೆ."

"ಕಟ್ಕೊಳಮ್ಮ. ಬೇರೆ ಗ್ರಹದಿಂದ ರಾಕ್ಷಸರು ಬರ್ತಾರೆ. ಕೈಯಲ್ಲೇ ಬಡಿದು ಸಾಯಿಸಬೇಕು."

ಕಟ್ಟಿಕೊಂಡ ಚಿಕ್ಕವೆಂಕಟಮ್ಮ ಮನೆ ಹಾರಿಹೋಗುವಂತೆ ಕೂಗಿದರು. "ಶೋಭಾ! ಹುಳ ಹಣ್ಣಾಗವೆ ಕಣಮ್ಮಾ! ಚಂದ್ರಿಕೆ ತಾ!"

ಶೋಭಾರಾಣಿ ಚಂದ್ರಿಕೆಯ ಸಮೇತ ಓಡಿಬಂದಳು. ನೋಡಿದರೆ ಅತ್ತೆ ಗಾಳಿಯಲ್ಲಿ ಎರಡೇ ಬೆರಳಿನಿಂದ, ಮೆತ್ತಗೆ, ಏನನ್ನೋ ಆರಿಸಿ ಪಕ್ಕಕ್ಕೆ ಇಡುತ್ತಿದ್ದರು. ಆ ಆಟ ಮಾಡಿದ ಪುಣ್ಯಾತ್ಮರು ಜಗತ್ತು ಬೆಚ್ಚಲೆಂದು ರಾಕ್ಷಸರಿಗೆ ಥೇಟ್ ಹಣ್ಣು ಹುಳುವಿನಂಥದೇ ಜೇನುಬಣ್ಣದ, ಬೆಳಕು ಹಾಯುವ ಮೈ ಕೊಟ್ಟು, ತಲೆಯೆತ್ತಿ ತೂಗಾಡುವಂತೆ ಮಾಡಿದ್ದರು. ಶಿಡ್ಲಘಟ್ಟದಲ್ಲಿ ಅಂಥದಕ್ಕೆ ಬೆಚ್ಚುವವರು ಯಾರು?

"ಅಮ್ಮಾ, ಹೊಡಿ! ಹೊಡೀಬೇಕು!"

"ಹಣ್ಣು ಹುಳನ ಹೊಡೀತಾರೇನೋ, ಪಾಪಿ!"

ಚಿಕ್ಕವೆಂಕಟಮ್ಮ ಸೋತರೆಂದು ಯಂತ್ರ ಸಾರಿತು. ಅವರು ಡಬ್ಬಿ ತೆಗೆದು, ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಅಂದರು. "ಇನ್ನೊಂದ್ಸಲ ಕಟ್ಟಪ್ಪ. ಆ ಮೂಲೇಲಿ ಎಷ್ಟೊಂದು ಉಳ್ಕೊಂಡವೆ."

ಮುರಳಿಮೋಹನರು ಸಮಸ್ತ ಗ್ರಾಹಕಕುಲಕ್ಕೆ ಗಾಳಿಯಲ್ಲೇ ಕೈಮುಗಿದು, "ಕೇಳಿದ್ಯೇನೇ?" ಎಂದು ಗರ್ಜಿಸಿದರು.

"ಕೇಳಿದೆ. ಹಜಾರ ನಿಮ್ಮದು," ಎಂದಳು ಶೋಭಾರಾಣಿ. ಮಾತಿಗೆ ತಪ್ಪುವ ಹೆಂಗಸಲ್ಲ.

ಮಾರನೆಯ ಬೆಳಗ್ಗೆ ನಿಜವಾದ ಹುಳು ಹಣ್ಣಾದವು. ಬೀದಿಗೆಲ್ಲ ಚುರುಕಾಗಿ ಹುಳು ಆರಿಸುವವರು ಚಿಕ್ಕವೆಂಕಟಮ್ಮನವರೇ. ಅವರು ಕಾಫಿ ಕುಡಿದವರು ನೇರ ಡಬ್ಬಿಯೊಳಗೆ ಹೋಗಿದ್ದರು.

"ಅತ್ತೆ, ಹುಳ ಹಣ್ಣಾಗಿವೆ!"

"ಕಾಣಿಸ್ತಾ ಅವಲ್ಲಮ್ಮಾ! ಸುಮ್ನೆ ಕೂಗಬೇಡ, ಕೈ ನಡುಗ್ತದೆ!"

ಮುರಳಿಮೋಹನರು ಕಚೇರಿಯ ಚೀಲ ಹೆಗಲಿಗೇರಿಸಿದ್ದರು. ಶೋಭಾರಾಣಿ ಅದನ್ನು ಇಳಿಸಿದಳು.

"ನಿಮ್ಮ ಗಿರಾಕಿ ಏಳಲ್ವಂತೆ. ಅವರ ಜಾಗದಲ್ಲಿ ನೀವು ಕೂತ್ಕೊಳ್ಳಿ."

"ಲೇ, ತುರ್ತು ಫೈಲು..."

"ಒಳಗೆ ಗಿರಾಕಿ ಕೂತಿರೋವಾಗ ಅಂಗಡಿಯವನು ಎಲ್ರೀ ಹೋಗ್ತಾನೆ? ಚಂದ್ರಿಕೇನೂ ನಿಮ್ಮ ಕೋಣೇಲಿ ನಿಲ್ಲಿಸಿದ್ದೀನಿ. ಹಜಾರ ನಿಮಗೆ ಕೊಟ್ಟಾಯ್ತಲ್ಲ."

ಮುರಳಿಮೋಹನರು ತಾಯಿಯ ತಲೆಯಿಂದ ಡಬ್ಬಿ ಬಿಚ್ಚಲು ಹೋಗಿ ಕೈಗೆ ಏಟು ತಿಂದರು. ರಾಕ್ಷಸರಿಗೆ ಬೀಳದಿದ್ದ ಏಟು ಮಗನಿಗೆ ಬಿತ್ತು. ವಿಧಿಯಿಲ್ಲದೆ ಲುಂಗಿ ಎತ್ತಿಕಟ್ಟಿ, ತಟ್ಟೆಯ ಮುಂದೆ ಕುಕ್ಕರಿಸಿ, ತಣ್ಣಗಿನ, ಮೆತ್ತಗಿನ ಹುಳುಗಳನ್ನು ಕಣ್ಣು ಕಿರಿದು ಮಾಡಿಕೊಂಡು ಆರಿಸತೊಡಗಿದರು.

ಮಧ್ಯಾಹ್ನ ಪಾಷಾ ಅವರ ಹೆಂಡತಿ ಅಜೀಜಾ ಕಾಲು ತೊಳೆದು ಒಳಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಅಕ್ಕಾ, ಸಾರ್ ಕೆಲಸ ಮಾಡ್ತಿದ್ದಾರಾ?"

"ಬೆಳಗ್ಗಿಂದ."

"ಆ ಡಬ್ಬ ಬಂದ ಮೇಲೇನಾ?"

"ಹೂಂ. ಅತ್ತೆ ಒಳಗೆ ಹೋದ್ರು, ಇವ್ರು ಹೊರಗೆ ಸಿಕ್ಕಿದ್ರು."

ಅಜೀಜಾ ಕ್ಷಣ ಯೋಚಿಸಿದರು. "ನಮ್ಮ ಅತ್ತೆಗೂ ಒಂದು ಬೇಕಲ್ಲ ಅಕ್ಕಾ. ನಮ್ಮವರು ಬೆಳಗ್ಗೆಯೆಲ್ಲಾ ಟೀ ಅಂಗಡೀಲೇ ಕೂತಿರ್ತಾರೆ. ಎದುರು ಮನೆ ಕವಿತಾನೂ ಕೇಳ್ತಿದ್ರು."

ಮುರಳಿಮೋಹನರ ಬೆನ್ನು ನೆಟ್ಟಗಾಯಿತು. ಎರಡೂ ಕೈಯಲ್ಲಿ ಒಂದೊಂದು ಹುಳು ಹಿಡಿದೇ, "ಇದರ ವೈಶಿಷ್ಟ್ಯ ಏನಪ್ಪಾ ಅಂದ್ರೆ..." ಎಂದು ಗಂಟಲು ಸರಿಮಾಡಿಕೊಂಡರು.

ಶೋಭಾರಾಣಿ ಅವರ ಮುಂದೆ ಇನ್ನೊಂದು ತಟ್ಟೆ ಹುಳು ಇಟ್ಟಳು.

"ಅವರನ್ನ ಮಾತಾಡಿಸಬೇಡಿ ಅಜೀಜಾ, ಕೈ ನಿಂತುಹೋಗತ್ತೆ. ಏನು ಬೇಕೋ ನನ್ನ ಕೇಳಿ."