ಸದ್ದಿಲ್ಲದ ಬ್ರೇಕು

ಗಂಗಾವತಿಯ ಸರ್ಕಲ್ಲಿನಲ್ಲಿ ಪ್ರಭುರಾಜ ಬ್ರೇಕು ತುಳಿದಾಗ ಅವನ ಕಾರು ಎಂಥ ಚೀರು ಹಾಕಿತೆಂದರೆ, ಮುಂದೆ ಹೊರಟಿದ್ದ ಎಮ್ಮೆ ನಿಂತು ಹೊರಳಿ ನೋಡಿತು. ಪಕ್ಕದಲ್ಲಿದ್ದ ಹೆಂಡತಿ ಶಾಂಭವಿ ಏಳು ತಿಂಗಳ ಬಸುರಿ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೇಳಿದಳು.

“ಒಳಗಿನ ಕೂಸು ಸೈತ ಬೆಚ್ಚಿಬಿತ್ತು. ತವರಿಗೆ ಹೋಗೂ ದಿನ ನಾ ಈ ಗಾಡ್ಯಾಗ ಕುಂದ್ರಂಗಿಲ್ಲ. ನಮ್ಮಣ್ಣ ಜೀಪ್ ತಗೊಂಡು ಬರ್ತಾನ.”

ಪ್ರಭುರಾಜ ಏನೂ ಅನ್ನಲಿಲ್ಲ. ಏನೂ ಅನ್ನದಿರುವುದು ಅವನ ಸ್ವಭಾವ. ಕೊಪ್ಪಳದ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಅವನ ಕೆಲಸವೇ ಅಂಥದ್ದು. ಯಾರದೋ ಹೊಲದ ಮಣ್ಣನ್ನು ಗಾಜಿನ ಕೊಳವೆಯ ನೀರಲ್ಲಿ ಕಲಕಿ, ಅದು ತಿಳಿಯಾಗುವವರೆಗೆ ಸುಮ್ಮನೆ ನೋಡುತ್ತ ಕೂರುವುದು. ಮೊದಲು ಮರಳು ಕೆಳಗಿಳಿಯುತ್ತದೆ, ಆಮೇಲೆ ಗೋಡು, ಎಲ್ಲಕ್ಕಿಂತ ಕೊನೆಗೆ ಜೇಡಿ. ಹಾಗೆ ನೋಡುತ್ತ ನೋಡುತ್ತ ಅವನು ಎಷ್ಟೋ ಸಲ ಊಟವನ್ನೇ ಮರೆತದ್ದುಂಟು.

ಗಂಡ ಹೆಂಡಿರ ನಡುವೆ ಪ್ರೀತಿ ಅನ್ನುವುದು ನಡೆದದ್ದು ಬಹುಮಟ್ಟಿಗೆ ಆ ಕಾರಿನಲ್ಲೇ, ಕೊಪ್ಪಳದಿಂದ ಅವಳ ತವರು ಕನಕಗಿರಿಗೆ ಹೋಗುವ ದಾರಿಯಲ್ಲಿ. ಬೂದುಗುಂಪಾ ಕ್ರಾಸ್ ದಾಟಿ, ಕಾಲುವೆಯ ನೀರು ಕಂಡು, ಭತ್ತದ ಹಸಿರು ಶುರುವಾದರೆ ಶಾಂಭವಿ ಗಾಜಿಗೆ ತಲೆಯಾನಿಸಿ ಸುಮ್ಮನಾಗುತ್ತಿದ್ದಳು. ಆ ಸುಮ್ಮನಿರುವಿಕೆಯಲ್ಲಿ ಇಬ್ಬರೂ ಒಂದೇ ಕನಸಿನೊಳಗೆ ಹೋಗುತ್ತಿದ್ದೇವೆ ಎಂದು ಅವನಿಗೆ ಅನ್ನಿಸುತ್ತಿತ್ತು. ಮುಂದಿನ ಸಲ ಆ ದಾರಿಯಲ್ಲಿ ಅವರು ಮೂವರು. ಇಬ್ಬರೇ ಇರುವ ಈ ಕೊನೆಯ ಪಯಣವನ್ನು ಭಾವಮೈದುನನ ಜೀಪಿಗೆ ಕೊಡಲು ಅವನ ಮನಸ್ಸು ಒಪ್ಪಲಿಲ್ಲ.

ಗಂಗಾವತಿಯಿಂದ ಬ್ರೇಕಿನ ಹೊಸ ದುಂಡು ಡಿಸ್ಕು, ಅದನ್ನು ಕಚ್ಚಿ ಹಿಡಿಯುವ ಹೊಸ ಪ್ಯಾಡು ತಂದ. ಅವುಗಳನ್ನು ಕೂಡಿಸಬೇಕಾಗಿದ್ದ ಮೆಕ್ಯಾನಿಕ್ ಆಸೀಫ ತಂಗಿಯ ಮದುವೆಗೆ ಹೋಗಿದ್ದ. ಪ್ರಭುರಾಜನಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಮೊಬೈಲಿನಲ್ಲಿ ಅವನೊಂದು ವಿಡಿಯೊ ಕಂಡುಕೊಂಡಿದ್ದ. ಯಾವುದೋ ಚಳಿದೇಶದ ಮನುಷ್ಯನ ಎರಡು ಕೈ ಮಾತ್ರ ಅದರಲ್ಲಿ ಕಾಣುತ್ತಿದ್ದವು. ಮೊದಲಿನಿಂದ ಕೊನೆಯವರೆಗೆ ಆತ ಒಂದು ಮಾತೂ ಆಡದೆ ಬ್ರೇಕು ಬಿಚ್ಚಿ ಬ್ರೇಕು ಕೂಡಿಸುತ್ತಿದ್ದ. ಪ್ರಭುರಾಜ ಅದನ್ನು ಎಷ್ಟು ಸಲ ನೋಡಿದ್ದನೆಂದರೆ, ಆ ಕೈಗಳು ಅವನ ನಿದ್ದೆಯಲ್ಲೂ ಬಂದು ಬೋಲ್ಟು ತಿರುವುತ್ತಿದ್ದವು.

ರವಿವಾರ ಮುಂಜಾನೆ ಶಾಂಭವಿ ಎಚ್ಚರಿಸಿದಳು. “ನಾಳಿ ಅಮಾಸಿ. ಅಮಾಸಿ ದಿನ ಬಸುರಿ ಹೆಂಗಸು ಹೊಸ್ತಲಾ ದಾಟಬಾರದು. ಇವತ್ತ ದೀಪ ಹಚ್ಚೂದ್ರೊಳಗ ಹೊಂಡಬೇಕು. ಆಗದಿದ್ರ ಈಗ ಹೇಳ್ರಿ.”

“ಆಕ್ಕೈತಿ” ಅಂದ ಪ್ರಭುರಾಜ.

ಓಣಿಯ ಬೇವಿನ ಮರದ ಕೆಳಗೆ ಕಾರು ಬೂದು ಬಣ್ಣದ ಹೊದಿಕೆಯೊಳಗೆ ಆನೆಮರಿಯಂತೆ ಮಲಗಿತ್ತು. ಅದನ್ನು ಪೂರ್ತಿ ಎಬ್ಬಿಸಲು ಅವನಿಗೆ ಮನಸ್ಸಾಗಲಿಲ್ಲ. ಮುಂದಿನ ಗಾಲಿ ಕಾಣುವಷ್ಟು ಮಾತ್ರ ಹೊದಿಕೆ ಸುತ್ತಿ ಮೇಲಿಟ್ಟ. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕು ಏರಿಸಿ, ಬೋಲ್ಟು ಬಿಚ್ಚತೊಡಗಿದ.

ಮೊದಲು ಬಂದವನು ನಿವೃತ್ತ ಬಸ್ ಡ್ರೈವರ್ ಫಕ್ರುದ್ದೀನ. “ಏನ್ ಸಾಹೇಬ್ರ, ಗಾಡಿ ಕಾಲಾಗ ಮುಳ್ಳ ಮುರದೈತೇನು?”

“ಬ್ರೇಕ್ ಬದಲಿ ಮಾಡಾಕತ್ತೀನಿ.”

“ನೀವ?” ಫಕ್ರುದ್ದೀನ ಕಟ್ಟೆಯ ಮೇಲೆ ಹಾಯಾಗಿ ಕೂತ. “ಜಿಂದಗಿಪೂರಾ ಬಸ್ ಹೊಡದೀನಿ, ಒಂದ ದಿನಾನೂ ಬ್ರೇಕಿಗೆ ಕೈ ಹಚ್ಚಿಲ್ಲ. ಬಿಚ್ಚಿದ್ದನ್ನ ತಿರುಗಿ ಹೊಂದಸಾಕ ಬರಂಗಿಲ್ಲ ಅನ್ನೂದು ನನಗ ಗೊತ್ತಿತ್ತು.”

ಆಗಲೇ ಎದುರು ಮನೆಯಿಂದ ಈಶಪ್ಪ ಹೊರಬಂದ. ಬೀಜದ ವ್ಯಾಪಾರಿ, ಕುಕನೂರಿನಿಂದ ಹೊಸದಾಗಿ ಈ ಓಣಿಗೆ ಬಾಡಿಗೆಗೆ ಬಂದವನು. ಅವನ ಪರಿಚಯ ಓಣಿಯಲ್ಲಿ ಇನ್ನೂ ಯಾರಿಗೂ ಸರಿಯಾಗಿ ಆಗಿರಲಿಲ್ಲ. ಬಾಯಲ್ಲಿ ಬೇವಿನ ಕಡ್ಡಿ ಇತ್ತು. ಬಿಚ್ಚಿಟ್ಟ ಗಾಲಿಯನ್ನು ಕಂಡದ್ದೇ ಕಡ್ಡಿ ಅಲ್ಲಿಗೇ ನಿಂತಿತು. ಏನೋ ಹೇಳಲೆಂದು ಬಾಯಿ ತೆರೆದವನು ಮತ್ತೆ ಮುಚ್ಚಿದ. ಒಳಗೆ ಹೋಗಿ ಒಂದು ಕುರ್ಚಿ ತಂದು ಗಾಲಿಯ ಹತ್ತಿರವೇ ಹಾಕಿಕೊಂಡು, ಕೈಕಟ್ಟಿ ಕೂತುಬಿಟ್ಟ.

ಪ್ರಭುರಾಜ ಕಾದ. ಸಲಹೆ ಬರಲಿಲ್ಲ, ಚೇಷ್ಟೆಯೂ ಬರಲಿಲ್ಲ. ಮೌನದ ಬೆಲೆ ಗೊತ್ತಿರುವ ಒಬ್ಬ ಮನುಷ್ಯ ಕೊನೆಗೂ ಈ ಓಣಿಗೆ ಬಂದನಲ್ಲ ಎಂದು ಅವನ ಎದೆ ತುಂಬಿತು.

ಪ್ಯಾಡು ಸವೆದು ಹಪ್ಪಳವಾಗಿತ್ತು. ಹಳೆಯ ಡಿಸ್ಕಂತೂ ತುಕ್ಕು ಹಿಡಿದು, ಜಾತಕ ಕೂಡಿದ ಹೆಂಡತಿಯಂತೆ ಅಚ್ಚನ್ನು ಬಿಡಲೊಲ್ಲದು. ಪ್ರಭುರಾಜ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ.

“ಹಂಗ ಚುಕ್ಕು ತಟ್ಟಿದ್ರ ಅದು ನಿದ್ದಿ ಮಾಡ್ತೈತಿ” ಅಂದ ಫಕ್ರುದ್ದೀನ. “ನಿಮ್ಮ ಹೆಂಡ್ತಿ ಅಣ್ಣನ್ನ ನೆನಸ್ಕೊಂಡು ಹೊಡೀರಿ.”

ನೆನೆಸಿಕೊಂಡು ಹೊಡೆದ. ಡಿಸ್ಕು ಠಣ್ಣೆಂದು ಕಳಚಿ ಬಿತ್ತು. ಪ್ರತಿ ಏಟಿಗೂ ಈಶಪ್ಪ ಕಣ್ಣು ಮುಚ್ಚಿಕೊಂಡದ್ದನ್ನು ಪ್ರಭುರಾಜ ನೋಡಿದ. ಕಬ್ಬಿಣದ ನೋವಿಗೂ ಮರುಗುವ ಜೀವ ಇದು ಅಂದುಕೊಂಡ.

ಹೊಸ ಡಿಸ್ಕುಗಳ ಮೇಲಿನ ಜಿಡ್ಡನ್ನು ಚೆನ್ನಾಗಿ ಒರೆಸಿ, ಗೋಣಿತಾಟಿನ ಮೇಲಿಟ್ಟು ಊಟಕ್ಕೆ ಹೋದ. ಬಂದು ನೋಡಿದರೆ ಒಂದು ಡಿಸ್ಕು ಕಪ್ಪಗೆ ಮಿರಮಿರ ಮಿಂಚುತ್ತಿದೆ. ಪಕ್ಕದಲ್ಲಿ ಅರ್ಧ ಉಳ್ಳಾಗಡ್ಡಿ ಮತ್ತು ಎಣ್ಣೆಯ ಬಟ್ಟಲು ಹಿಡಿದು ಓಣಿಯ ಹಿರಿಯಳು ಪಕ್ಕೀರವ್ವ ಕೂತಿದ್ದಾಳೆ.

“ಎಷ್ಟ ಛಂದ ಹಂಚು ತಂದೀಯೋ ಯಪ್ಪಾ” ಅಂದಳು. “ಹೊಸಾ ಹಂಚಿಗೆ ಕುಸುಬಿ ಎಣ್ಣಿ ಉಣಸದ ರೊಟ್ಟಿ ಹಾಕಿದ್ರ ಹತಗೊಂತಾವ. ನಡುವ ಯಾಕ ತೂತು ಬಿಟ್ಟಾರ? ಮೋಸ ಮಾಡ್ಯಾರ ನಿನಗ.”

“ಆಯಿ, ಅದು ಬ್ರೇಕಿಂದು. ಎಣ್ಣಿ ತಾಗಬಾರದು.”

“ಎಣ್ಣಿ ಬ್ಯಾಡ ಅನ್ನೂ ಕಬ್ಬಣ ನಾ ಇನ್ನೂ ನೋಡಿಲ್ಲ.”

ಫಕ್ರುದ್ದೀನ ಹೊಟ್ಟೆ ಹಿಡಿದುಕೊಂಡು ನಕ್ಕ. “ಚಿಂತಿ ಬಿಡ್ರಿ ಸಾಹೇಬ್ರ. ಕನಕಗಿರ್ಯಾಗ ಬ್ರೇಕ್ ತುಳದ್ರ ತಾವರಗೇರ್ಯಾಗ ನಿಲ್ತೈತಿ.”

ಅಷ್ಟರಲ್ಲಿ ಮುಂಜಾನೆಯಿಂದ ಅಲುಗಾಡದ ಈಶಪ್ಪ ಚಂಗನೆ ಎದ್ದ. ಡಿಸ್ಕನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ಸೋಪಿನ ಪುಡಿ ಹಾಕಿ, ಎಳೆಗೂಸಿಗೆ ಎರೆದಂತೆ ತೊಳೆದ. ಹೆಗಲ ಮೇಲಿನ ಹೊಸ ಟವೆಲ್ಲಿನಿಂದ ಒರೆಸಿ, ಬಿಸಿಲಿಗೆ ಹಿಡಿದು, ಒಂದು ಮಾತೂ ಆಡದೆ ಪ್ರಭುರಾಜನ ಕೈಗಿಟ್ಟ. ಪ್ರಭುರಾಜನ ಕಣ್ಣು ಹನಿಗೂಡಿದವು. ವಿಡಿಯೊದ ಆ ಎರಡು ಕೈಗಳೇ ಚಳಿದೇಶದಿಂದ ಎದ್ದು ಬಂದಂತಾಯಿತು.

ಎರಡನೆಯ ಗಾಲಿ ಮುಗಿಯುವ ಹೊತ್ತಿಗೆ ಬಿಸಿಲು ವಾಲಿತ್ತು. ಶಾಂಭವಿಯ ಅಣ್ಣನ ಫೋನು ಬಂತು. “ಏನ್ ಭಾವ, ಜೀಪ್ ತರ್ಲೇನು? ಇಲ್ಲಾಂದ್ರ ಸಿಂಧನೂರ ಕಡೆ ಒಂದ್ ಕೆಲಸ ಐತಿ.”

ಪ್ರಭುರಾಜ ಎದೆಯುಬ್ಬಿಸಿ ಹೇಳಿದ. “ಬ್ಯಾಡ. ನೀ ಸಿಂಧನೂರಿಗೆ ಹೋಗು.”

ಹೊಸ್ತಿಲಲ್ಲಿ ನಿಂತಿದ್ದ ಶಾಂಭವಿ ಅವನನ್ನು ನೋಡಿದಳು. ಮದುವೆಯಾದ ಹೊಸದರಲ್ಲಿ ಒಮ್ಮೆ ಹಾಗೆ ನೋಡಿದ್ದಳು. ನೋಡಿದವಳೇ ಒಳಗೆ ಹೋಗಿ ಚೀಲ ತಂದು ಕಟ್ಟೆಯ ಮೇಲಿಟ್ಟಳು.

ಇನ್ನು ಉಳಿದದ್ದು ಒಂದೇ. ಒಳಗೆ ಕೂತು, ಬ್ರೇಕು ಗಟ್ಟಿಯಾಗುವವರೆಗೆ ಪೆಡಲನ್ನು ಮೆಲ್ಲಗೆ ತುಳಿಯುವುದು. ಪ್ರಭುರಾಜ ಮದುಮಗಳ ಸೆರಗು ಸರಿಸುವಂತೆ ಹೊದಿಕೆಯನ್ನು ಪೂರ್ತಿ ಸರಿಸಿ, ಕೀಲಿಯ ಗುಂಡಿ ಒತ್ತಿದ.

ಕಾರು ಮಾತಾಡಲಿಲ್ಲ.

ಓಣಿಯ ತುದಿಯಲ್ಲಿ, ಪಂಪಾಪತಿಯ ಹಿಟ್ಟಿನ ಗಿರಣಿಯ ಹಿಂದೆ, ಬೂದು ಹೊದಿಕೆಯ ಇನ್ನೊಂದು ಕಾರು “ಟುಂಯ್ಕ್ ಟುಂಯ್ಕ್” ಅಂದಿತು. ಹೊದಿಕೆಯೊಳಗಿಂದಲೇ ದೀಪ ಮಿಣುಕಿಸಿತು. ಪ್ರಭುರಾಜ ಮತ್ತೊಮ್ಮೆ ಒತ್ತಿದ. ಅದು ವಿಧೇಯವಾಗಿ ಮತ್ತೊಮ್ಮೆ ಓಗೊಟ್ಟಿತು.

ಓಣಿಯಲ್ಲಿ ಅವನು ಜೀವಮಾನವಿಡೀ ಬಯಸಿದ್ದಂಥ ಮೌನ ನೆಲೆಸಿತು. ಆ ಮೌನದಲ್ಲಿ ಅವನಿಗೆ ನಿನ್ನೆ ಸಂಜೆಯ ನೆನಪು ಬಂತು. ನೀರಿನ ಟ್ಯಾಂಕರಿಗೆ ದಾರಿ ಬಿಡಲು ಅವನೇ, ಏನೋ ಯೋಚಿಸುತ್ತ, ಕಾರನ್ನು ಗಿರಣಿಯ ಹಿಂದೆ ನಿಲ್ಲಿಸಿ ಬಂದಿದ್ದ. ಖಾಲಿಯಾದ ಬೇವಿನ ನೆರಳಿಗೆ ರಾತ್ರಿ ಅದೇ ಕಂಪನಿಯ, ಅಂಥದೇ ಬೂದು ಹೊದಿಕೆಯ ಇನ್ನೊಂದು ಬಿಳಿ ಕಾರು ಬಂದಿತ್ತು.

ಫಕ್ರುದ್ದೀನ ಮೆತ್ತಗೆ ಹೇಳಿದ. “ಸಾಹೇಬ್ರ, ನಾ ಬ್ರೇಕ್ ಬಿಚ್ಚಲಿಲ್ಲ ಖರೆ. ಆದ್ರ ಬಸ್ ಹತ್ತೂ ಮುಂದ ಬೋರ್ಡ್ ನೋಡಿ ಹತ್ತಿದ್ದೆ.”

ಪ್ರಭುರಾಜ ಈಶಪ್ಪನ ಕಡೆ ತಿರುಗಿದ. “ಇದು ನಿಮ್ಮ ಗಾಡಿ ಅಂತ ಗೊತ್ತಿದ್ದೂ ಮುಂಜಾನಿಂದ ನೋಡ್ಕೊಂತ ಕುಂತಿದ್ರಲ್ರಿ.”

ಈಶಪ್ಪ ಕಟ್ಟಿದ್ದ ಕೈ ಬಿಟ್ಟ. “ಹೇಳಬೇಕಂತ ಬಾಯಿ ತಗದೆ ನೋಡ್ರಿ. ಅಷ್ಟ್ರಾಗ ಗಾಲಿ ಬಿಚ್ಚಿಬಿಟ್ಟಿದ್ರಿ. ನಡುವ ಹೇಳಿದ್ರ ನೀವು ಅರ್ಧಕ್ಕ ಬಿಟ್ಟು ಎದ್ದು ಹೋದ್ರ ನನ್ನ ಗತಿ ಏನು? ನಾನೂ ಬ್ರೇಕ್ ಮಾಡಸಬೇಕಂತನ ಇದ್ದೆ. ಮುಗೀಲಿ ಅಂತ ಬಾಯಿಗೆ ಬೀಗ ಹಾಕ್ಕೊಂಡೆ. ಭಾಳ ತ್ರಾಸ ಆತ್ರಿ. ಹುಟ್ಟಿದಾಗಿಂದ ಇಷ್ಟೊತ್ತು ನಾ ಎಂದೂ ಸುಮ್ನ ಕುಂತಿಲ್ಲ.”

ಶಾಂಭವಿ ಪಡುವಣದ ಕಡೆ ನೋಡಿದಳು. ಬಿಸಿಲು ಗುಡ್ಡದ ನೆತ್ತಿಗೆ ಬಂದಿತ್ತು. ಮತ್ತೆ ಎಲ್ಲ ಬಿಚ್ಚಿ ಆ ಕಾರಿಗೆ ಹಾಕಲು ಹೊತ್ತಿರಲಿಲ್ಲ. ಅಣ್ಣ ಸಿಂಧನೂರಿನ ದಾರಿಯಲ್ಲಿದ್ದ.

“ಚಿಂತಿ ಯಾಕ ತಂಗೀ?” ಅಂದ ಈಶಪ್ಪ. “ನನ್ನ ಗಾಡಿ ಐತಲ್ಲ. ಬ್ರೇಕ್ ಹೊಸಾವು. ನಾನ ಕನಕಗಿರಿಗೆ ಬಿಟ್ಟು ಬರ್ತೀನಿ.”

“ಬಸುರಿ ಹುಡುಗಿ ಸಂಗಾಟ ಹಿರೇ ಹೆಂಗಸು ಬೇಕು” ಎಂದು ಪಕ್ಕೀರವ್ವ ಹಿಂದಿನ ಸೀಟಿನಲ್ಲಿ ಶಾಂಭವಿಯ ಪಕ್ಕ ಕೂತೇಬಿಟ್ಟಳು. ಪ್ರಭುರಾಜನಿಗೆ ಉಳಿದದ್ದು ಮುಂದೆ, ಈಶಪ್ಪನ ಎಡಗಡೆ. ಈಶಪ್ಪನಿಂದ ಪೆಡಲು ತುಳಿಸಿ, ಓಣಿಯಲ್ಲಿ ಎರಡು ಸಲ ಓಡಿಸಿ ನಿಲ್ಲಿಸಿ ನೋಡಿ, ಹೊರಟರು.

ಊರು ದಾಟುವ ಮೊದಲೇ ಈಶಪ್ಪನ ಬಾಯಿಯ ಬೀಗ ಕಳಚಿತು. ಇಡೀ ದಿನದ ಮಾತು ಕಾಲುವೆಯ ತೂಬು ಕಿತ್ತಂತೆ ಹರಿಯತೊಡಗಿತು. ಗಿಣಿಗೇರಿಗೆ ಬರುವಷ್ಟರಲ್ಲಿ ಅವನ ಬಾಲ್ಯ ಮುಗಿಯಿತು. ಬೂದುಗುಂಪಾ ಕ್ರಾಸಿನಲ್ಲಿ ಅವನ ಮದುವೆ ಆಯಿತು. ಭತ್ತದ ಹಸಿರು ಶುರುವಾದಾಗ ಅವನ ಕಿಡ್ನಿಯ ಹರಳು ಶುರುವಾಯಿತು. ಹೊರಗೆ ಮುಸ್ಸಂಜೆ ನೀರಿನ ಮೇಲೆ ಕನಸಿನಂತೆ ಇಳಿಯುತ್ತಿತ್ತು. ಒಳಗೆ ಬೆಂಡೆಬೀಜದ ತಳಿಗಳು ಒಂದೊಂದಾಗಿ ಮೊಳೆಯುತ್ತಿದ್ದವು. ಉಬ್ಬು ಬಂದಲ್ಲೆಲ್ಲ ಕಾರು ಹತ್ತಿಯಲ್ಲಿ ಕಾಲಿಟ್ಟಂತೆ ಮೆತ್ತಗೆ ನಿಲ್ಲುತ್ತಿತ್ತು. ಕೈಯಾರೆ ಇಷ್ಟು ಒಳ್ಳೆಯ ಕೆಲಸವನ್ನು ಪ್ರಭುರಾಜ ಹಿಂದೆಂದೂ ಮಾಡಿರಲಿಲ್ಲ.

ಕನಕಗಿರಿಯಲ್ಲಿ ಮಾವನ ಮನೆಯ ಮುಂದೆ ಈಶಪ್ಪ ಬ್ರೇಕು ಹಾಕಿದ. “ನಿಮ್ಮ ಕೈಗುಣ ಭಾರಿ ಛಲೋ ಐತಿ ನೋಡ್ರಿ. ಇಲ್ಲೀತನಕ ಒಂಚೂರು ಸಪ್ಪಳ ಬರಲಿಲ್ಲ.”

ಪ್ರಭುರಾಜ ಕೈಹಿಡಿದು ಶಾಂಭವಿಯನ್ನು ಇಳಿಸಿಕೊಂಡ. ಅವಳು ಅವನ ಕಿವಿಯ ಹತ್ತಿರ ಬಾಯಿ ತಂದಳು.

“ನಮ್ಮ ಗಾಡೀನ ಛಲೋ ಇತ್ತು” ಅಂದಳು. “ಅದು ಬ್ರೇಕ್ ಹಾಕಿದಾಗಷ್ಟ ಚೀರ್ತಿತ್ತು.”

ದೀಪ ಹಚ್ಚಿದ್ದ ಮನೆಯೊಳಕ್ಕೆ ಅವಳು ಹೋದಳು. ಪಕ್ಕೀರವ್ವ ಈ ರಾತ್ರಿ ಇಲ್ಲೇ ಇರುತ್ತೇನೆಂದು ಅವಳ ಹಿಂದೆಯೇ ನಡೆದಳು. ಈಶಪ್ಪ ಕಾರಿನೊಳಗಿಂದಲೇ ಬಾಗಿ ಮುಂದಿನ ಬಾಗಿಲು ತೆರೆದು ಹಿಡಿದ.

“ಬರ್ರಿ, ಬರ್ರಿ. ಈಗ ನಾವಿಬ್ರ ಆದ್ವಿ. ನಿವಾಂತ ಮಾತಾಡ್ಕೊಂತ ಹೋಗೂಣು.”