ಹೂಂ ಅಂದಿದ್ದಕ್ಕೆ ಸಿಕ್ಕ ಕಾಲೇಜು

ಕಡಿಮೆ ಮಾತಾಡುವವನ ಮನೆಯಲ್ಲಿ ಗೊಂದಲವೂ ಕಡಿಮೆ ಅಂತ ಜನ ತಿಳಿದಿದ್ದಾರೆ. ತಪ್ಪು. ಅವನು ಆಡದೆ ಬಿಟ್ಟ ಮಾತನ್ನು ಮಿಕ್ಕವರು ತಮಗೆ ಬೇಕಾದಂತೆ ತುಂಬಿಕೊಳ್ಳುತ್ತಾರೆ. ಆಮೇಲೆ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ.

ತೊಂಬತ್ತರ ದಶಕದ ಕೊನೆ. ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ ನಮ್ಮ ಮನೆ. ನಾನು ದಿನಾ ಡಿಯರ್‌ಬಾರ್ನಿಗೆ ಹೋಗಿ, ಕಾರಿನ ಬ್ರೇಕು ಯಾಕೆ ಕಿರುಗುಟ್ಟುತ್ತದೆ ಅಂತ ಹುಡುಕುತ್ತಿದ್ದೆ. ಸದ್ದು ಅಡಗಿಸುವುದೇ ನನ್ನ ಕೆಲಸ. ಮನೆಯಲ್ಲಿ ಆ ವಿದ್ಯೆ ನಡೆಯಲಿಲ್ಲ. ಮನೆಯಲ್ಲಿದ್ದವರು ಹೆಂಡತಿ ಮತ್ತು ಹೈಸ್ಕೂಲಿನ ಕೊನೆಯ ವರ್ಷದ ಮಗಳು. ಇಬ್ಬರೂ ಮಾತುಗಾರರು.

ಲೇನ್ ಬದಲಿಸುವಾಗ

ಸೆಪ್ಟೆಂಬರಿನ ಒಂದು ಸಂಜೆ ಮಗಳನ್ನು ಲೈಬ್ರರಿಯಿಂದ ಕರೆದುಕೊಂಡು ಬರುತ್ತಿದ್ದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಂದೂ ಇಂಗ್ಲಿಷಿನಲ್ಲೇ ಶುರು ಮಾಡಿದಳು.

"ಡ್ಯಾಡ್, ಶಿಕಾಗೋ ಆಚೆ ಒಂದು ಸಣ್ಣ ಕಾಲೇಜಿದೆ. ನನಗೆ ಅದೇ ಬೇಕು. ಎಲ್ಲರಿಗಿಂತ ಮುಂಚೆ ಅಪ್ಲೈ ಮಾಡಿದರೆ ಡಿಸೆಂಬರಲ್ಲೇ ಹೇಳಿಬಿಡ್ತಾರೆ, ಅರ್ಲಿ ಡಿಸಿಷನ್ ಅಂತ. ಆದರೆ ಸೀಟು ಕೊಟ್ಟರೆ ಹೋಗಲೇಬೇಕು. ಆಮೇಲೆ ಬೇರೆ ಕಡೆ ಹೋಗೋ ಹಾಗಿಲ್ಲ. ಓಕೆ?"

ಅದೇ ಹೊತ್ತಿಗೆ ಪಕ್ಕದಲ್ಲೊಂದು ಲಾರಿ. ಹೈವೇಯಿಂದ ಇಳಿಯುವ ನಮ್ಮ ಎಕ್ಸಿಟ್ಟು ಮುಂದೆ. ನಾನು ಕನ್ನಡಿ ನೋಡುತ್ತ "ಹೂಂ" ಅಂದೆ.

ಮನೆಗೆ ಬಂದವಳೇ ಅಮ್ಮನ ಕುತ್ತಿಗೆಗೆ ಜೋತುಬಿದ್ದಳು. "ಡ್ಯಾಡ್ ಸೆಡ್ ಯೆಸ್!"

ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದಳು. "ಒಪ್ಪಿಬಿಟ್ರಾ? ಇಲ್ಲೇ ಹತ್ತಿರದಲ್ಲಿ ಎಂಜಿನಿಯರಿಂಗ್ ಓದ್ತಾಳೆ, ಶುಕ್ರವಾರ ಶುಕ್ರವಾರ ಮನೆಗೆ ಬರ್ತಾಳೆ ಅಂತಿದ್ರಲ್ಲ?"

"ಒಪ್ಪಲಿಲ್ಲ. ಹೂಂಗುಟ್ಟಿದೆ."

ಕತೆ ಹೇಳುವಾಗ ಮಕ್ಕಳು ಹೂಂಗುಟ್ಟುವುದಿಲ್ಲವೇ, ಹಾಗೆ. ಕೇಳಿಸಿತು ಅಂತ ಅರ್ಥ. ರಾಜ ಸತ್ತ ಅಂದರೂ ಹೂಂ ಅನ್ನುತ್ತಾರೆ. ರಾಜ ಸಾಯಲಿ ಅಂತಲ್ಲ.

"ಇಲ್ಲಿ ಬೆಳೆದ ಹುಡುಗಿಗೆ ಅದು ಹೇಗೆ ಗೊತ್ತಾಗ್ಬೇಕು? ಈಗ ಹೋಗಿ ಇಲ್ಲ ಅನ್ನಿ, ನೋಡೋಣ."

ಹೋದೆ. ಮಗಳು ಗೆಳತಿಗೆ ಫೋನಿನಲ್ಲಿ "ನಮ್ಮಪ್ಪನಷ್ಟು ಒಳ್ಳೆಯವರು ಯಾರೂ ಇಲ್ಲ" ಅನ್ನುತ್ತಿದ್ದಳು. ವಾಪಸು ಬಂದೆ.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. "ಒಂದು ಕೇಳ್ತೀನಿ, ನಿಜ ಹೇಳಿ. ಅವತ್ತು ನಮ್ಮನೇಲಿ ಹುಡುಗಿ ಒಪ್ಪಿಗೆನಾ ಅಂದಾಗಲೂ ಹೀಗೇ ಹೂಂಗುಟ್ಟಿದ್ದಾ?"

"ಹೂಂ" ಅಂದೆ.

ಎರಡು ದಿನ ಅಡುಗೆಗೆ ಉಪ್ಪಿರಲಿಲ್ಲ.

ಆರ್ಟ್ಸು

ಅದು ಲಿಬರಲ್ ಆರ್ಟ್ಸ್ ಕಾಲೇಜು. ಇಲ್ಲಿ ಅದು ದೊಡ್ಡ ಮಾತು. ಸೀಟು ಸಿಗುವುದು ಬಹಳ ಕಷ್ಟ. ಒಳ್ಳೊಳ್ಳೆಯವರಿಗೇ ಇಲ್ಲ ಅನ್ನುತ್ತಾರೆ. ಆದರೆ ನಮ್ಮ ಕಡೆ ಸೈನ್ಸಿಗೆ ಮಾರ್ಕ್ಸ್ ಸಾಲದವರು ಕಾಮರ್ಸಿಗೂ, ಅದಕ್ಕೂ ಸಾಲದವರು ಆರ್ಟ್ಸಿಗೂ ಹೋಗುತ್ತಿದ್ದರು. ಆ ಲೆಕ್ಕವನ್ನು ನಮ್ಮವರು ವಿಮಾನದಲ್ಲಿ ಜೊತೆಗೇ ತಂದಿದ್ದಾರೆ.

ಭಾನುವಾರ ದೇವಸ್ಥಾನದ ಊಟದ ಸಾಲಿನಲ್ಲಿ ಮೈಸೂರಿನ ಡಾಕ್ಟರೊಬ್ಬರು ನನ್ನ ಹಿಂದೆ ನಿಂತಿದ್ದರು.

"ಮಗಳು ಎಲ್ಲಿಗೆ ಅಪ್ಲೈ ಮಾಡ್ತಿದಾಳೆ?"

"ಲಿಬರಲ್ ಆರ್ಟ್ಸ್."

ಡಾಕ್ಟರ ಕೈಯಲ್ಲಿದ್ದ ತಟ್ಟೆ ನಿಂತಿತು. ದನಿ ಇಳಿಯಿತು. "ಆರ್ಟ್ಸಾ? ಚೆನ್ನಾಗೇ ಓದ್ತಿದ್ಳಲ್ಲ. ಏನಾಯ್ತು?"

"ಏನೂ ಆಗಿಲ್ಲ. ಫಿಜಿಕ್ಸ್ ಓದ್ತಾಳೆ."

"ಆರ್ಟ್ಸ್ ಕಾಲೇಜಲ್ಲಿ ಫಿಜಿಕ್ಸಾ?"

"ಹೂಂ."

"ಬಟ್ಟೆ ಅಂಗಡೀಲಿ ಇಡ್ಲಿ ಕೇಳಿದ ಹಾಗಾಯ್ತಲ್ರೀ."

ಊಟ ಮುಗಿಯುವುದರೊಳಗೆ ಸುದ್ದಿ ಹರಡಿತ್ತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಹೆಂಡತಿಯ ಕೈ ಹಿಡಿದುಕೊಂಡರು. "ಎಲ್ಲ ಒಳ್ಳೇದಕ್ಕೇ ಅಂದ್ಕೊಳ್ಳಿ." ಒಬ್ಬಾಕೆ ಪಾಯಸ ಎರಡನೆಯ ಸಲ ಬಡಿಸಿದಳು, ಸಾವಿನ ಮನೆಗೆ ಬಂದವಳ ಮುಖ ಮಾಡಿಕೊಂಡು.

ಹೊರಡುವಾಗ ಪಾರ್ಕಿಂಗಿನಲ್ಲಿ ಡಾಕ್ಟರು ಓಡಿಬಂದು ಕಾರಿನ ಗಾಜು ತಟ್ಟಿದರು. ಏನೋ ಹೊಳೆದಿತ್ತು ಅವರಿಗೆ.

"ಚಿಂತೆ ಮಾಡಬೇಡಿ. ಲಿಬರಲ್ ಅಂದಿರಲ್ಲ? ಅಂದ್ರೆ ಪೇಪರ್ ಲಿಬರಲ್ಲಾಗಿ ತಿದ್ದುತಾರೆ. ಪಾಸಾಗ್ತಾಳೆ."

ಅರ್ಲಿ

ಅಕ್ಟೋಬರಿನಲ್ಲಿ ಕಾಲೇಜು ನೋಡಲು ಹೊರಟೆವು. ದಾರಿಯಲ್ಲಿ ಶಿಕಾಗೋ ಪಕ್ಕದ ವುಡ್‌ರಿಡ್ಜ್‌ನಲ್ಲಿ ರಾತ್ರಿ ತಂಗಿದ್ದು ಹುಬ್ಬಳ್ಳಿಯ ಗೆಳೆಯರ ಮನೆಯಲ್ಲಿ. ಟೈರಿನ ವ್ಯಾಪಾರ ಅವರದು. ನಾವೆಲ್ಲ ಸಾಹೇಬರೇ ಅನ್ನುತ್ತೇವೆ. ಬಿರಿಯಾನಿ ತಿನ್ನದ ನಮಗಾಗಿ ಅವರ ಹೆಂಡತಿ ಜೋಳದ ರೊಟ್ಟಿ ಬಡಿದಿದ್ದರು.

"ಒಂದ ಕಾಲೇಜಿಗೆ ಅರ್ಜಿ ಹಾಕ್ತೀರಿ? ಅದು ಒಲ್ಲೆ ಅಂದ್ರ?" ಅಂದರು ಸಾಹೇಬರು.

"ನಾನು ಬೇರೆಯದನ್ನೂ ಬರೆದಿಟ್ಟುಕೋ ಅಂದೆ. ಕೇಳಲ್ಲ ಇವಳು. ಬೇರೆದು ಬರೆದರೆ ಇದು ಸಿಗಲ್ವಂತೆ, ಶಕುನ ಕೆಡುತ್ತಂತೆ" ಅಂದಳು ಹೆಂಡತಿ. ಮಗಳು ರೊಟ್ಟಿ ಮುರಿಯುತ್ತ ಕೂತಿದ್ದಳು. ಅವಳಿಗೆ ರೊಟ್ಟಿ ಇಳಿಯುತ್ತಿರಲಿಲ್ಲ. ಅದನ್ನು ನೋಡಿದೆ.

ಬೆಳಿಗ್ಗೆ ಒಂಬತ್ತಕ್ಕೆ ಕಾಲೇಜಿನಲ್ಲಿರಬೇಕಿತ್ತು. ನನ್ನ ಕೈಗಡಿಯಾರ ನೋಡಿ ಎಲ್ಲರನ್ನೂ ಎಬ್ಬಿಸಿದೆ. ಸಾಹೇಬರು ಕಣ್ಣುಜ್ಜುತ್ತ ಬಂದರು.

"ಇಷ್ಟ ಲಗೂ ಹೋಗಬೇಕೇನ್ರೀ?"

"ಹೂಂ."

ಅವರು ಚಹಾ ಮಾಡಿಕೊಟ್ಟರು. ಹೊರಗೆ ಕತ್ತಲು. ಮೋಡವಿರಬೇಕು ಅಂದುಕೊಂಡೆ.

ಕಾಲೇಜು ಜೋಳದ ಹೊಲಗಳ ನಡುವೆ ಇತ್ತು. ಆಫೀಸಿನ ಬಾಗಿಲು ಹಾಕಿತ್ತು. ಮೆಟ್ಟಿಲ ಮೇಲೆ ಕೂತೆವು. ಚಳಿ. ಹೆಂಡತಿ ಸೀರೆಯ ಮೇಲೆ ನನ್ನ ಜಾಕೆಟ್ಟು ಹಾಕಿಕೊಂಡಳು. ಬಹಳ ಹೊತ್ತಾದ ಮೇಲೆ ಮಗಳು ಗೋಡೆಯ ದೊಡ್ಡ ಗಡಿಯಾರ ನೋಡಿ ತಲೆ ಹಿಡಿದುಕೊಂಡಳು. ನಮ್ಮ ಮಿಶಿಗನ್ ಗಡಿಯಾರ ಶಿಕಾಗೋಗಿಂತ ಒಂದು ಗಂಟೆ ಮುಂದೆ. ನಾನು ತಿರುಗಿಸಿರಲಿಲ್ಲ.

ಕೊನೆಗೆ ಬೀಗದ ಕೈ ಹಿಡಿದು ಆಫೀಸಿನ ಹೆಂಗಸು ಬಂದಳು. ನಮ್ಮನ್ನು ನೋಡಿ ಗಾಬರಿಯಾಗಿ, "ಯು ಆರ್ ವೆರಿ ಅರ್ಲಿ!" ಅಂದಳು.

ಹೆಂಡತಿ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಹೆಮ್ಮೆಯಿಂದ ಹೇಳಿದಳು: "ಯೆಸ್, ಯೆಸ್. ಅರ್ಲಿ ಡಿಸಿಷನ್."

ವಾಪಸು ಹೋಗುವಾಗ ಸಾಹೇಬರಿಗೆ ಕೇಳಿದೆ, ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅಂತ.

"ಹೋಗಬೇಕೇನು ಅಂತ ಕೇಳಿದ್ನಲ್ರೀ! ನೀವ ಹೂಂ ಅಂದ್ರಿ. ಹೂಂ ಅಂದ ಮನಷ್ಯಾಗ ಏನ ಹೇಳೋದು?"

ಐದು ಬಗೆ

ಅರ್ಜಿಯ ಜೊತೆ ಒಂದು ಪ್ರಬಂಧ ಬರೆಯಬೇಕು. ಮಗಳು ಕೆಲವು ದಿನ ನನ್ನ ಹಿಂದೆಯೇ ಸುತ್ತಿದಳು. ನಾನು ಹೂಂ ಅಂದಾಗಲೆಲ್ಲ ಏನೋ ಗೀಚಿಕೊಳ್ಳುತ್ತಿದ್ದಳು. ಒಂದು ದಿನ ಊಟದ ಮೇಜಿನ ಮುಂದೆ ಓದಿಯೇಬಿಟ್ಟಳು. ಪ್ರಬಂಧ ನನ್ನ ಹೂಂ ಮೇಲೆ.

ಅವಳ ಪ್ರಕಾರ ಹೂಂನಲ್ಲಿ ಐದು ಬಗೆ. ಒಂದು, ಗಿಡ್ಡ: ಕೇಳಿಸಿತು. ಎರಡು, ಪೇಪರಿನ ಹಿಂದಿನಿಂದ ಬರುವುದು: ಕೇಳಿಸಲಿಲ್ಲ. ಮೂರು, ಉದ್ದವಾಗಿ ಹೋಗಿ ಕೆಳಗಿಳಿಯುವುದು: ನನಗೆ ಒಪ್ಪಿಗೆಯಿಲ್ಲ, ಆದರೆ ಜಗಳ ಬೇಡ. ನಾಲ್ಕು, ನೆಟ್ಟಗೆ: ಒಪ್ಪಿಗೆ. ಐದು, ಮುಖ ಆಚೆ ತಿರುಗಿಸಿ ಮೂಗಿನಲ್ಲಿ ಅನ್ನುವುದು: ಬಹಳ ಸಂತೋಷ, ತೋರಿಸುವುದಿಲ್ಲ.

"ಐದನೇದು ನಾನು ಇಷ್ಟು ವರ್ಷದಲ್ಲಿ ಕೇಳೇ ಇಲ್ಲ" ಅಂದಳು ಹೆಂಡತಿ.

"ಇಟ್ಸ್ ರೇರ್" ಅಂದಳು ಮಗಳು. ಮುಂದೆ ಓದಿದಳು. ಸೆಪ್ಟೆಂಬರಿನಲ್ಲಿ ಕಾರಿನಲ್ಲಿ, ಈ ಕಾಲೇಜಿಗೆ ಹೋಗಲೇ ಅಂತ ಕೇಳಿದಾಗ ಅಪ್ಪ ಅಂದದ್ದು ನಾಲ್ಕನೆಯ ಹೂಂ, ಅದಕ್ಕೇ ಈ ಅರ್ಜಿ ಹಾಕುತ್ತಿದ್ದೇನೆ ಅಂತ ಅದರಲ್ಲಿ ಬರೆದಿತ್ತು.

ಹೆಂಡತಿ ನನ್ನ ಮುಖ ನೋಡಿದಳು. ಅದು ಒಂದನೆಯದು ಅಂತ ಅವಳಿಗೆ ಗೊತ್ತು, ನನಗೆ ಗೊತ್ತು. ನಾನು ಸಾರು ಕಲಸಿಕೊಂಡೆ.

ಶಾಲೆಯ ಸಲಹೆಗಾರರು ಇದನ್ನು ಓದಿ, ಯಾರಿಗೂ ಅರ್ಥವಾಗುವುದಿಲ್ಲ, ಬದಲಾಯಿಸು ಅಂದಿದ್ದರಂತೆ. ಆಸ್ಪತ್ರೆಯಲ್ಲಿ ಸೇವೆ ಮಾಡಿದ್ದು, ಅನಾಥರಿಗೆ ಕಂಬಳಿ ಹಂಚಿದ್ದು, ಅಂಥದ್ದೇನಾದರೂ ಬರಿ ಅಂತ. ಮಗಳು ಅಳುಮೋರೆ ಮಾಡಿಕೊಂಡಿದ್ದಳು. ಇರುವುದು ಒಂದೇ ಅರ್ಜಿ.

"ಬದಲಾಯಿಸ್ಲಾ, ಡ್ಯಾಡ್?"

"ಊಹೂಂ" ಅಂದೆ.

ಇದಕ್ಕೆ ಮಾತ್ರ ಒಂದೇ ಅರ್ಥ ಅಂತ ಕೊನೆಗೆ ಒಂದು ಸಾಲು ಸೇರಿಸಿ ಅಂಚೆಗೆ ಹಾಕಿದಳು.

ನೋಡಲು ಬಂದವರು

ನವೆಂಬರಿನಲ್ಲಿ ಇಂಟರ್‌ವ್ಯೂ. ಆ ಕಾಲೇಜಿನಲ್ಲಿ ಹಿಂದೆ ಓದಿದ, ನಮ್ಮ ಹತ್ತಿರವೇ ಇದ್ದ ಹಿರಿಯ ಹೆಂಗಸೊಬ್ಬರು ಫೋನು ಮಾಡಿ, ಕಾಫಿ ಅಂಗಡಿಯಲ್ಲಿ ಭೇಟಿಯಾಗೋಣ ಅಂದರು. ಹೆಂಡತಿ ಫೋನು ಕಿತ್ತುಕೊಂಡು, "ಅಂಗಡಿ ಯಾಕೆ, ಮನೆಗೇ ಬನ್ನಿ" ಅಂದಳು.

ಅಂದಿನಿಂದ ಮನೆಯ ವಾತಾವರಣವೇ ಬೇರೆ. ಪರದೆ ಒಗೆದಾಯಿತು. ಉಪ್ಪಿಟ್ಟು, ಕೇಸರಿಬಾತು ತಯಾರಾಯಿತು. ಮಂಚದ ಮೇಲೆ ರೇಷ್ಮೆ ಸೀರೆ ಬಂತು.

"ಮಾಮ್, ಇಟ್ಸ್ ಆ್ಯನ್ ಇಂಟರ್‌ವ್ಯೂ!"

"ನಾನೂ ಅದನ್ನೇ ಹೇಳ್ತಿರೋದು. ಸಿಕ್ಕಿದ ಮೇಲೆ ಬಿಡೋ ಹಾಗಿಲ್ಲ, ಬೇರೆ ಕಡೆ ನೋಡೋ ಹಾಗಿಲ್ಲ ಅಂತ ನೀನೇ ತಾನೆ ಹೇಳಿದ್ದು? ಇದಕ್ಕೆ ನಮ್ಮಲ್ಲಿ ಬೇರೆ ಹೆಸರಿದೆ."

ರಾಜಿಯಾಗಿ ಮಾತು ಸಲ್ವಾರ್ ಕಮೀಜಿಗೆ ಬಂದು ನಿಂತಿತು. ಶಾಲೆಯಲ್ಲಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡು ಅಂತ ಹೇಳಿಕೊಟ್ಟಿದ್ದರು. ಅಮ್ಮ, ತಲೆ ಎತ್ತಬೇಡ ಅಂದಿದ್ದಳು. ಹುಡುಗಿ ಬಂದವರ ಗಲ್ಲ ನೋಡಿಕೊಂಡು ಮಾತಾಡಿತು.

ಆ ಹೆಂಗಸು ಒಳ್ಳೆಯವರು. ಕೇಸರಿಬಾತು ಎರಡು ಸಲ ಹಾಕಿಸಿಕೊಂಡರು. ಬಿಡುವಿನಲ್ಲಿ ಏನು ಮಾಡುತ್ತೀ ಅಂತ ಮಗಳನ್ನು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಹೆಂಡತಿ, "ಹಾಡುತ್ತಾಳೆ" ಅಂದಳು. ಹಾಡಿಸಿಯೂ ಬಿಟ್ಟಳು. ಮಗಳಿಗೆ ಬರುತ್ತಿದ್ದದ್ದು ಒಂದೇ ದೇವರನಾಮ, ಅದೂ ಅರ್ಧ. ಅರ್ಧಕ್ಕೆ ನಿಂತಾಗ ಅವರು, ಬೇಕೆಂದೇ ಹಾಗೆ ನಿಲ್ಲಿಸುತ್ತಾರೇನೋ ಅಂತ ಕಣ್ಣು ಮುಚ್ಚಿ ಕೂತರು.

ಹೊರಡುವಾಗ ಎಲ್ಲರ ಕೈ ಕುಲುಕಿ, "ಹೋಗಿ ತಿಳಿಸುತ್ತೇವೆ" ಅಂದರು.

ಬಾಗಿಲು ಹಾಕಿಕೊಂಡದ್ದೇ ಹೆಂಡತಿ ಸೋಫಾದ ಮೇಲೆ ಕುಸಿದಳು.

"ಮುಗೀತು. ನಮ್ಮಕ್ಕನ್ನ ನೋಡೋಕೆ ಬಂದೋರೆಲ್ಲ ಉಪ್ಪಿಟ್ಟು ತಿಂದು ಇದನ್ನೇ ಹೇಳಿ ಹೋಗ್ತಿದ್ರು. ಒಬ್ಬರೂ ತಿಳಿಸಲಿಲ್ಲ."

ಫೋನು

ಡಿಸೆಂಬರ್ ನಡುವೆ ಒಂದು ದಿನ ಹಿಮ ಸುರಿದು ಶಾಲೆಗೂ ಆಫೀಸಿಗೂ ರಜ. ಆ ವಾರ ಮಗಳು ಊಟ ಬಿಟ್ಟಿದ್ದಳು. ಬೇರೆ ಯಾವ ಕಾಲೇಜಿಗೂ ಒಂದಕ್ಷರ ಬರೆದಿರಲಿಲ್ಲ. ಕೂತಲ್ಲಿ ಕೂರಲಾರದೆ, ನನ್ನ ಹಳೆಯ ಕೋಟು ಹಾಕಿಕೊಂಡು ಸಲಿಕೆ ಹಿಡಿದು ಮನೆ ಮುಂದಿನ ಡ್ರೈವ್‌ವೇ ಮೇಲಿನ ಹಿಮ ತೆಗೆಯಲು ಹೋದಳು.

ಫೋನು ಬಂತು. ಹೆಂಡತಿಯ ಕೈ ಅಕ್ಕಿಹಿಟ್ಟಿನಲ್ಲಿತ್ತು. ಕಣ್ಣಲ್ಲೇ ನನಗೆ ಹೇಳಿದಳು. ನಾನು ಫೋನು ತೆಗೆಯುವವನಲ್ಲ. ತೆಗೆದೆ.

ಕಾಲೇಜಿನ ಅಡ್ಮಿಷನ್ ಡೀನ್. ಮಗಳಿದ್ದಾಳೆಯೇ ಅಂದ.

"ಹೊರಗೆ."

"ಹಾಗಾದರೆ ನಿಮಗೇ ಹೇಳಿಬಿಡುತ್ತೇನೆ. ಪತ್ರ ಆಮೇಲೆ ಬರುತ್ತದೆ. ನಿಮ್ಮ ಮಗಳಿಗೆ ಸೀಟು ಕೊಟ್ಟಿದ್ದೇವೆ. ನಿಯಮ ಗೊತ್ತಲ್ಲ ಸರ್, ಬರಲೇಬೇಕು. ನಿಮಗೆ ಒಪ್ಪಿಗೆ ತಾನೆ?"

ಕಿಟಕಿಯಲ್ಲಿ ನೋಡಿದೆ. ನಮ್ಮ ಹಿಮವನ್ನೆಲ್ಲ ತೆಗೆದು ಪಕ್ಕದ ಮನೆಯವರ ಡ್ರೈವ್‌ವೇಗೆ ಹಾಕುತ್ತಿದ್ದಳು. ಗಮನ ಎಲ್ಲೋ ಇತ್ತು. ಈ ಹುಡುಗಿ ಶುಕ್ರವಾರ ಸಂಜೆ ಬರುವುದಿಲ್ಲ ಇನ್ನು.

"ಹೂಂ" ಅಂದೆ.

 ಆ ಕಡೆ ಡೀನ್ ಗಂಟಲು ಸರಿಮಾಡಿಕೊಂಡ.

"ಕ್ಷಮಿಸಿ ಸರ್. ಇದು ಒಂದನೆಯದೋ, ನಾಲ್ಕನೆಯದೋ?"

ಮಗಳ ಪ್ರಬಂಧ ನೆನಪಾಯಿತು.

"ನಾಲ್ಕು."

"ಸಂತೋಷ ಸರ್. ಕಮಿಟಿಯಲ್ಲಿ ನಾವೆಲ್ಲ ಐದನ್ನೂ ಅಂದು ನೋಡಿದೆವು. ಮೂರನೆಯದು ಮದುವೆಯಾದವರಿಗೆ ಮಾತ್ರ ಬಂತು."

ಹೆಂಡತಿ ಹಿಟ್ಟಿನ ಕೈ ಎತ್ತಿಕೊಂಡು ಬಂದಳು. "ಯಾರ್ರೀ? ಏನು ನಾಲ್ಕು? ನಾಲ್ಕು ಗಂಟೆಗೆ ಬರ್ತಾರಾ? ರೊಟ್ಟಿ ಸಾಲಲ್ಲ!"

"ಸಿಕ್ಕಿತು" ಅಂದೆ.

ಅವಳು ಮನೆ ಚಪ್ಪಲಿಯಲ್ಲೇ ಹಿಮಕ್ಕೆ ಓಡಿದಳು. ಮಗಳನ್ನು ಅಪ್ಪಿಕೊಂಡಳು. ನನ್ನ ಕೋಟಿನ ಬೆನ್ನ ಮೇಲೆ ಅಕ್ಕಿಹಿಟ್ಟಿನ ಹತ್ತು ಬೆರಳೂ ಮೂಡಿದವು. ಇಬ್ಬರೂ ಅಳುತ್ತ, ಜಾರುತ್ತ ಒಳಗೆ ಬಂದರು.

"ಡ್ಯಾಡ್! ಆರ್ ಯು ಹ್ಯಾಪಿ?"

ಕಣ್ಣಿಗೆ ಏನೋ ಬಿದ್ದಿತ್ತು. ಕಿಟಕಿಯ ಕಡೆ ತಿರುಗಿದೆ.

"ಹೂಂ."

ಫೋನು ಇಟ್ಟಿರಲಿಲ್ಲ. ಕೈಯಲ್ಲೇ ಇತ್ತು. ಅದರೊಳಗಿಂದ ಡೀನ್ ಕೂಗಿದ:

"ಐದು!"