ಎರಡನೇ ಸಿಲಿಂಡರಿಗೊಂದು ಜಾಗ

ಸಾಲ ಮಾಡಿ ಸ್ವಂತ ಮನೆ ಕಟ್ಟಿಸಿದ ಗಂಡಸಿಗೆ ಆ ಮನೆಯಲ್ಲಿ ತನ್ನದೆನ್ನಲು ಒಂದು ಮೂಲೆ ಸಿಕ್ಕರೆ ಅದೇ ದೊಡ್ಡದು. ಹೊನ್ನಾವರದ ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಬಂದದ್ದು ಪಡುವಣ ಗೋಡೆಯ ಪಕ್ಕದ ಓಣಿ. ಕುಮಟೆಯ ಆಫೀಸಿನಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಬಂದು, ಚಾ ಕುಡಿದು, ಅಲ್ಲಿ ನಿಂತು ಒಂದು ಸಿಗರೇಟು ಸೇದಿದರೆ ನಾನು ಮತ್ತೆ ಮನುಷ್ಯನಾಗುತ್ತಿದ್ದೆ. ನಾನು ಸಿಗರೇಟು ಬಿಟ್ಟು ಎಷ್ಟೋ ಕಾಲವಾಯಿತೆಂದು ಹೆಂಡತಿ ಸಾವಿತ್ರಿ ನಂಬಿದ್ದಳು. ಆ ನಂಬಿಕೆ ಮುರಿಯಲು ನನಗೆ ಮನಸ್ಸಿರಲಿಲ್ಲ, ಧೈರ್ಯವಂತೂ ಮೊದಲೇ ಇರಲಿಲ್ಲ.

ಇಂಥ ಸುಖಸಂಸಾರಕ್ಕೆ ಎರಡನೇ ಗ್ಯಾಸ್ ಸಿಲಿಂಡರ್ ಬಂತು. ಜೊತೆಗೆ ಸುರಕ್ಷತೆಯ ನಿಯಮಗಳ ಒಂದು ಚೀಟಿ. ಅಚ್ಚಾದದ್ದು ಏನು ಕಂಡರೂ ನಾಲ್ಕು ಜನಕ್ಕೆ ಕೇಳುವಂತೆ ಓದುವುದು ನನ್ನ ಚಾಳಿ. ಓದಿದೆ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಬೇಕು, ಮಲಗಿಸಬಾರದು. ಗಾಳಿಯಾಡಬೇಕು. ತಗ್ಗಿನಲ್ಲಿಟ್ಟರೆ ಸೋರಿದ ಗ್ಯಾಸು ಅಲ್ಲೇ ತಂಗುತ್ತದೆ. ತುಂಬಿರಲಿ, ಖಾಲಿಯಿರಲಿ, ಬೆಂಕಿಯಂತೂ ಹತ್ತಿರ ಸುಳಿಯಕೂಡದು. ಬೆಳಕೆ ಊರಿನಲ್ಲಿರುವ ನನ್ನ ಭಾವ ಸಿಲಿಂಡರನ್ನು ಮಂಚದಡಿ ಮಲಗಿಸಿಟ್ಟು, ಅದೇ ಮಂಚವನ್ನು ನೆಂಟರಿಗೆ ಬಿಟ್ಟುಕೊಡುತ್ತಾನೆ. ಅವನ ಮನೆಯಲ್ಲಿ ನೆಂಟರು ಹೆಚ್ಚು ದಿನ ನಿಲ್ಲುವುದಿಲ್ಲ.

"ಹಿತ್ತಲ ಬಾಗಿಲ ಹತ್ರ ಇಡುವಾ" ಎಂದಳು ಸಾವಿತ್ರಿ. ಅಲ್ಲಿ ಬಚ್ಚಲ ಒಲೆ ಉರಿಯುತ್ತದಲ್ಲ ಎಂದೆ. "ಅಂಗಳದಲ್ಲಿ?" ಅಲ್ಲಿ ಆಯಿ ತುಳಸಿಗೆ ದೀಪ ಹಚ್ಚುತ್ತಾಳೆ ಎಂದೆ. "ನನ್ನ ದೀಪ ನಿಂಗೆ ಎಂತ ಮಾಡ್ತು?" ಎಂದು ಒಳಗಿನಿಂದ ನನ್ನ ತಾಯಿ ಸಿಡುಕಿದಳು. ಮೆಟ್ಟಿಲಡಿಗೆ ಗಾಳಿಯಿಲ್ಲ, ಅಡುಗೆಮನೆಯಲ್ಲಿ ಒಲೆಯಿದೆ. ಆಫೀಸಿನಲ್ಲಿ ನನ್ನ ಮಾತನ್ನು ಇಷ್ಟು ಹೊತ್ತು ಯಾರೂ ಕೇಳಿದ್ದಿಲ್ಲ, ಹಾಗಾಗಿ ಹುರುಪು ಏರಿ ಇಡೀ ಚೀಟಿಯನ್ನು ಇನ್ನೊಮ್ಮೆ ಓದಿದೆ.

"ಹಾಗಾದ್ರೆ ಪಡುವಣ ಓಣಿ" ಎಂದಳು ಸಾವಿತ್ರಿ. "ಮೇಲೆ ಹಂಚಿನ ಮಾಡು ಅದೆ, ಗಾಳಿ ಅದೆ, ತಗ್ಗೂ ಅಲ್ಲ. ಅಲ್ಲಿ ಬೆಂಕಿ ಎಂತದೂ ಇಲ್ಲ ಅಲ್ದಾ?"

ಇಲ್ಲ ಎಂದೆ. ಬೇರೆ ಏನು ಹೇಳಲಿ?

"ಆತು, ಎತ್ತಿ ಹಂಗಾರೆ."

ಎತ್ತಿದೆ. ನನ್ನ ಮೂಲೆಯಲ್ಲಿ ನಾನೇ ಅದನ್ನು ನೆಟ್ಟಗೆ ನಿಲ್ಲಿಸಿ ಬಂದೆ.

ಮರುದಿನ ಸಂಜೆ ಚಾ ಕುಡಿದು ಓಣಿಗೆ ಹೋದೆ. ಕಿಸೆಯಲ್ಲಿ ಕಡ್ಡಿಪೆಟ್ಟಿಗೆ, ಎದುರಿಗೆ ಆ ಕೆಂಪು ಗುಂಡಣ್ಣ. ನಿಯಮ ಗೊತ್ತಿಲ್ಲದವನಾಗಿದ್ದರೆ ಗೀರಿಬಿಡುತ್ತಿದ್ದೆನೋ ಏನೋ. ಬೀದಿಗೆ ಹೋಗಿ ಸೇದೋಣವೆಂದರೆ ಬೀದಿಯ ಅರ್ಧ ಜನ ಸಾವಿತ್ರಿಯ ಗೆಳತಿಯರು, ಉಳಿದರ್ಧ ಅವಳ ನೆಂಟರು. ವಾರವಿಡೀ ಸಿಗರೇಟಿಲ್ಲದೆ ಎಲ್ಲರ ಮೇಲೂ ರೇಗಾಡಿ, ಕೊನೆಗೆ ತಡೆಯಲಾರದೆ ಹೇಳಿದೆ: "ನಮ್ಮ ಮೂರು ಜನರ ಅಡುಗೆಗೆ ಒಂದು ಸಿಲಿಂಡರ್ ಸಾಲದಾ? ಆ ಎರಡನೇದನ್ನ ವಾಪಸ್ ಕೊಟ್ಟುಬಿಡುವಾ."

ಸಾವಿತ್ರಿ ಕಾಯಿ ತುರಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಎಂತಕ್ಕೆ? ಖಾಲಿ ಆದ್ರೂ ಅದು ಅಲ್ಲೇ ಇರ್ಲಿ. ಖಾಲಿ ಸಿಲಿಂಡರ್ ಹತ್ರನೂ ಬೆಂಕಿ ತರಬಾರ್ದು ಅಂತ ಚೀಟಿಯಲ್ಲಿ ಇತ್ತಲ್ಲ."

ಇತ್ತು. ಅದನ್ನು ಎರಡೆರಡು ಸಲ ಗಟ್ಟಿಯಾಗಿ ಓದಿ ಹೇಳಿದವನು ನಾನೇ.